ಲಕ್ವಾ ಹೊಡೆದರೆ ಮೊದಲು ಮದ್ದಲ್ಲ, ಮೆದುಳಿನ ಚಿತ್ರ!

ಅಕ್ಕಲಕೋಟ: ನಸುಕಿನ ಐದು ಗಂಟೆ. ಎಮ್ಮೆಗೆ ನೀರು ಕುಡಿಸಲು ಎದ್ದ ಮನೆಯ ಯಜಮಾನನ ಕೈಯಿಂದ ಬಕೆಟ್ ಜಾರುತ್ತದೆ. ಬಲಗೈ ಮೇಲೇಳುವುದಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟ. ಮಾತು ತೊದಲು. ಮನೆಯವರು ಓಡಿ ಬಂದು ಹಾಸಿಗೆಯ ಮೇಲೆ ಮಲಗಿಸುತ್ತಾರೆ. ‘ಪಿತ್ತ ಆಗೇತಿ, ಸ್ವಲ್ಪ ಮಲಗ್ಲಿ’ ಎನ್ನುತ್ತಾರೆ ಒಬ್ಬರು. ‘ಲಕ್ವಾ ಹೊಡದೈತಿ, ಔಷಧ ಕೊಡೋರ ಕಡೆ ಒಯ್ರಿ’ ಎನ್ನುತ್ತಾರೆ ಇನ್ನೊಬ್ಬರು. ಎಂಟಕ್ಕೆ ಊರಿನ ಡಾಕ್ಟರ್ ಬಂದು ಸಲೈನ್ ಹಚ್ಚುತ್ತಾರೆ. ಮಧ್ಯಾಹ್ನ ಜೀಪು ನಾಟಿ ಔಷಧದ ಊರಿಗೆ ಹೊರಡುತ್ತದೆ. ಮರುದಿನ ಎಚ್ಚರ ತಪ್ಪಿದ ಮೇಲೆ ಸೊಲ್ಲಾಪುರ ನೆನಪಾಗುತ್ತದೆ.

ಅಲ್ಲಿ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಮರಾಠಿಯಲ್ಲಿ ಎರಡೇ ಶಬ್ದ: ‘ಕಧೀ ಝಾಲಂ?’ ಅಂದರೆ, ಯಾವಾಗ ಆಯಿತು? ‘ನಿನ್ನೆ ನಸುಕಿನ್ಯಾಗ’ ಎಂಬ ಉತ್ತರ ಕೇಳಿ ಅವರು ಸುಮ್ಮನಾಗುತ್ತಾರೆ. ಆ ಮೌನದ ಅರ್ಥ ಮನೆಯವರಿಗೆ ತಿಳಿಯುವುದಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಯಾವ ಊರಿನಲ್ಲಿ ಬೇಕಾದರೂ ಹೀಗಾಗಬಹುದು. ಬಹಳ ಮನೆಗಳಲ್ಲಿ ರೋಗಿಯನ್ನು ಕೆಡಿಸುವುದು ಬಡತನ ಒಂದೇ ಅಲ್ಲ, ದಾರಿ ತಪ್ಪಿದ ಆ ಮೊದಲ ನಾಲ್ಕು ತಾಸು. ಲಕ್ವಾಕ್ಕೆ ಇಂದು ಚಿಕಿತ್ಸೆ ಇದೆ. ಆದರೆ ಆ ಚಿಕಿತ್ಸೆಯ ಬಾಗಿಲು ತೆರೆಯುವ ಕೀಲಿಕೈ ಮದ್ದಿನ ಡಬ್ಬಿಯಲ್ಲಿಲ್ಲ, ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿದೆ.

ಎರಡು ರೋಗ, ಒಂದೇ ಮುಖ

ಲಕ್ವಾ, ಪಾರ್ಶ್ವವಾಯು, ಮರಾಠಿಯವರ ಅರ್ಧಾಂಗವಾಯು, ಡಾಕ್ಟರರ ಸ್ಟ್ರೋಕ್ ಎಲ್ಲವೂ ಒಂದೇ. ಇದು ಕೈಕಾಲಿನ ರೋಗವಲ್ಲ, ನರ ಹಿಡಿದದ್ದೂ ಅಲ್ಲ. ಇದು ಮೆದುಳಿನ ರಕ್ತನಾಳದ ರೋಗ. ಎಡ ಮೆದುಳಿಗೆ ಪೆಟ್ಟು ಬಿದ್ದರೆ ಬಲಗೈ ಬಲಗಾಲು ಬೀಳುತ್ತವೆ. ಬಹುತೇಕರಲ್ಲಿ ಮಾತಿನ ಮನೆಯೂ ಎಡ ಮೆದುಳಿನಲ್ಲೇ ಇರುವುದರಿಂದ ಬಲಗೈ ಜೊತೆಗೆ ಮಾತೂ ಹೋಗುವುದುಂಟು.

ಈ ಪೆಟ್ಟು ಎರಡು ರೀತಿ ಬೀಳುತ್ತದೆ. ಒಂದು, ರಕ್ತದ ಗಡ್ಡೆ ನಾಳದಲ್ಲಿ ಸಿಕ್ಕು ಮುಂದಿನ ಭಾಗಕ್ಕೆ ರಕ್ತ ಹೋಗದಿರುವುದು. ಕಾಲುವೆಗೆ ಕಲ್ಲು ಬಿದ್ದು ಕೊನೆಯ ಹೊಲ ಒಣಗಿದಂತೆ. ಎರಡು, ನಾಳವೇ ಒಡೆದು ಮೆದುಳಿನೊಳಗೆ ರಕ್ತ ಸುರಿಯುವುದು. ಕಾಲುವೆ ಒಡೆದು ಹೊಲ ಮುಳುಗಿದಂತೆ. ಮೊದಲ ಬಗೆಯವರೇ ಹೆಚ್ಚು. ಆದರೆ ಎರಡನೆಯ ಬಗೆಯವರೂ ಕಡಿಮೆ ಇಲ್ಲ.

ತೊಂದರೆ ಇರುವುದು ಇಲ್ಲೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಸೊಟ್ಟ ಬಾಯಿ, ಅದೇ ಬಿದ್ದ ಕೈ, ಅದೇ ತೊದಲು ಮಾತು. ತಲೆನೋವು, ವಾಂತಿ ಇದ್ದರೆ ರಕ್ತಸ್ರಾವ ಇರಬಹುದೆಂಬ ಗುಮಾನಿ ಬರುತ್ತದೆ ಅಷ್ಟೇ, ಖಾತ್ರಿಯಾಗಿ ಹೇಳಲಾಗದು. ಮೂವತ್ತು ವರ್ಷ ಅನುಭವ ಇದ್ದ ನರರೋಗ ತಜ್ಞರೂ ನಾಡಿ ಹಿಡಿದು, ಕೈಕಾಲು ತಟ್ಟಿ ನೋಡಿ ‘ಇದು ಗಡ್ಡೆ, ಇದು ಸ್ರಾವ’ ಎಂದು ನಿಖರವಾಗಿ ಹೇಳಲಾರರು.

ಒಂದರ ಔಷಧ ಇನ್ನೊಂದಕ್ಕೆ ವಿಷ. ಗಡ್ಡೆ ಇದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಬೇಕು. ಅದೇ ಇಂಜೆಕ್ಷನ್ ಸ್ರಾವ ಆಗುತ್ತಿರುವವರಿಗೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಮನೆಯಲ್ಲಿ ‘ಹೃದಯದ ಗುಳಿಗಿ ಐತಿ, ರಕ್ತ ತೆಳು ಮಾಡ್ತೈತಿ’ ಎಂದು ಆಸ್ಪಿರಿನ್ ನುಂಗಿಸುವುದೂ ಇದೇ ಕಾರಣಕ್ಕೆ ಅಪಾಯ. ಮೊದಲು ಚಿತ್ರ, ಆಮೇಲೆ ಔಷಧ. ಸ್ಟ್ರೋಕ್ ಚಿಕಿತ್ಸೆಯ ಮೊದಲ ಪಾಠ ಇದು.

ಗ್ರಾಮೊಫೋನ್ ಕಂಪನಿಯಿಂದ ಬಂದ ಯಂತ್ರ

1971ಕ್ಕಿಂತ ಮೊದಲು ಈ ಭಾಗ್ಯ ದೊಡ್ಡ ದೊಡ್ಡ ದೇಶದವರಿಗೂ ಇರಲಿಲ್ಲ. ಸಾಮಾನ್ಯ ಎಕ್ಸ್‌ರೇ ತೆಗೆದರೆ ತಲೆಬುರುಡೆ ಕಾಣುತ್ತಿತ್ತು, ಮೆದುಳು ಕಾಣುತ್ತಿರಲಿಲ್ಲ. ಬೆನ್ನಿನಿಂದ ನೀರು ತೆಗೆದು ರಕ್ತ ಬಂತೇ ಎಂದು ನೋಡುವುದು, ಕುತ್ತಿಗೆಯ ನಾಳಕ್ಕೆ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುವುದು, ಇಷ್ಟೇ ದಾರಿ ಇತ್ತು. ಉಳಿದದ್ದೆಲ್ಲ ಅಂದಾಜು.

ಇದನ್ನು ಬದಲಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಒಬ್ಬ ರೈತನ ಮಗ. ಕೆಲಸ ಇಎಂಐ ಕಂಪನಿಯಲ್ಲಿ. ನಮ್ಮ ಹಿರಿಯರು ಕಂಡ ನಾಯಿ ಗುರುತಿನ ಎಚ್‌ಎಂವಿ ತಟ್ಟೆಗಳ ಹಿಂದಿದ್ದ ಕಂಪನಿಯೇ ಈ ಇಎಂಐ! ಎಕ್ಸ್‌ರೇಯನ್ನು ತಲೆಯ ಸುತ್ತಲೂ ಹಲವು ಕೋನಗಳಿಂದ ಹಾಯಿಸಿ, ಲೆಕ್ಕವನ್ನು ಕಂಪ್ಯೂಟರಿಗೆ ಬಿಟ್ಟರೆ ಒಳಗಿನ ಚಿತ್ರ ಸಿಗುತ್ತದೆ ಎಂಬುದು ಅವರ ವಿಚಾರ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಸಿಟಿ ಸ್ಕ್ಯಾನ್ ಆಯಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಆ್ಯಲನ್ ಕಾರ್ಮ್ಯಾಕ್ ಅವರಿಗೆ ನೊಬೆಲ್ ಬಹುಮಾನ ಬಂತು.

ಸಿಟಿ ಸ್ಕ್ಯಾನ್ ಅಂದರೆ ಕಲ್ಲಂಗಡಿಯನ್ನು ಕೊಯ್ಯದೆಯೇ ಅದರ ಹೋಳುಗಳನ್ನು ನೋಡಿದ ಹಾಗೆ. ಎಲುಬು ಬೆಳ್ಳಗೆ, ನೀರು ಕಪ್ಪಗೆ, ಮೆದುಳು ಬೂದು ಬಣ್ಣದಲ್ಲಿ ಕಾಣುತ್ತದೆ. ಹೊಸದಾಗಿ ಸುರಿದ ರಕ್ತ ಬೆಳ್ಳಗೆ ಹೊಳೆಯುತ್ತದೆ. ಸ್ರಾವ ಆಗಿದ್ದರೆ ಪರದೆ ಮೇಲೆ ಚಿತ್ರ ಬಂದ ಕ್ಷಣವೇ ತಿಳಿಯುತ್ತದೆ. ಇಂದಿನ ಯಂತ್ರಗಳಿಗೆ ಕೆಲವೇ ನಿಮಿಷ ಸಾಕು.

‘ನಾರ್ಮಲ್ ಬಂದೈತಿ, ಮನಿಗೆ ಹೋಗೂಣ’

ಇಲ್ಲಿ ಬಹಳ ಜನ ಎಡವುತ್ತಾರೆ. ಗಡ್ಡೆಯಿಂದಾದ ಲಕ್ವಾದಲ್ಲಿ ಮೊದಲ ಕೆಲವು ತಾಸು ಸಿಟಿ ಚಿತ್ರ ಹೆಚ್ಚುಕಡಿಮೆ ನಾರ್ಮಲ್ ಆಗಿಯೇ ಕಾಣಬಹುದು. ರಕ್ತ ಸಿಗದೆ ಸಾಯುತ್ತಿರುವ ಭಾಗ ಕಪ್ಪಾಗಿ ಕಾಣಲು ಹೊತ್ತು ಬೇಕು. ಅನುಭವಿ ಕಣ್ಣಿಗೆ ಸಣ್ಣ ಸುಳಿವುಗಳು ಸಿಗುತ್ತವೆ, ಎಲ್ಲರಲ್ಲೂ ಅಲ್ಲ.

‘ಸ್ಕ್ಯಾನ್‌ನ್ಯಾಗ ಏನೂ ಇಲ್ಲಂತ, ಸುಮ್ನ ರೊಕ್ಕ ಹೋತು’ ಎಂದು ರೋಗಿಯನ್ನು ಮನೆಗೆ ಒಯ್ಯುವವರಿದ್ದಾರೆ. ಇದು ತೀರ ತಪ್ಪು ಲೆಕ್ಕ. ಕೈ ಬಿದ್ದಿದೆ, ಮಾತು ಹೋಗಿದೆ, ಸ್ಕ್ಯಾನ್‌ನಲ್ಲಿ ರಕ್ತ ಇಲ್ಲ ಎಂದರೆ ‘ರೋಗ ಇಲ್ಲ’ ಎಂದಲ್ಲ. ‘ಸ್ರಾವ ಅಲ್ಲ, ಗಡ್ಡೆ ಇರಬೇಕು, ಹೊತ್ತು ಮೀರಿರದಿದ್ದರೆ ಕರಗಿಸುವ ಇಂಜೆಕ್ಷನ್ ಬಗ್ಗೆ ಈಗಲೇ ವಿಚಾರ ಮಾಡಬಹುದು’ ಎಂದು. ಆ ನಾರ್ಮಲ್ ಚಿತ್ರವೇ ಚಿಕಿತ್ಸೆಗೆ ಸಿಕ್ಕ ಹಸಿರು ನಿಶಾನೆ.

ಈ ಇಂಜೆಕ್ಷನ್ನಿಗೆ ಗಡುವು ಇದೆ. ಆಲ್ಟಿಪ್ಲೇಸ್ ಎಂಬ ಔಷಧವನ್ನು ಮೂರು ತಾಸಿನೊಳಗೆ ಕೊಟ್ಟರೆ ಲಾಭ ಎಂದು ಅಮೆರಿಕದ ದೊಡ್ಡ ಅಧ್ಯಯನ 1995ರಲ್ಲಿ ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಅದನ್ನು ನಾಲ್ಕೂವರೆ ತಾಸಿಗೆ ವಿಸ್ತರಿಸಿತು. ಈಗ ಟೆನೆಕ್ಟಿಪ್ಲೇಸ್ ಎಂಬ ಇನ್ನೊಂದು ಔಷಧವೂ ಬಳಕೆಯಲ್ಲಿದೆ. ಆಲ್ಟಿಪ್ಲೇಸನ್ನು ಒಂದು ತಾಸು ಹನಿಹನಿಯಾಗಿ ಕೊಡಬೇಕು, ಇದನ್ನು ಒಂದೇ ಸಲ ಚುಚ್ಚಿದರೆ ಮುಗಿಯಿತು. ಎಲ್ಲ ರೋಗಿಗಳಿಗೂ ಇವು ಒಗ್ಗುವುದಿಲ್ಲ. ಇತ್ತೀಚೆಗೆ ದೊಡ್ಡ ಆಪರೇಷನ್ ಆದವರು, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಬಿಪಿ ಬಹಳ ಏರಿದವರ ವಿಷಯದಲ್ಲಿ ಡಾಕ್ಟರ್ ಹತ್ತು ಸಲ ವಿಚಾರ ಮಾಡುತ್ತಾರೆ. ಇಂಜೆಕ್ಷನ್ ಕೊಟ್ಟ ಮೇಲೂ ಕೆಲವರಲ್ಲಿ ರಕ್ತಸ್ರಾವದ ಭಯ ಇದ್ದೇ ಇದೆ.

ನಾಲ್ಕೂವರೆ ತಾಸು ಎಂದರೆ ನಾಲ್ಕು ತಾಸು ಕಾಯಬಹುದು ಎಂದಲ್ಲ. ದೊಡ್ಡ ನಾಳ ಮುಚ್ಚಿದರೆ ಒಂದು ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ತಾಸಿಗೆ 11 ಕೋಟಿ 40 ಲಕ್ಷ. ಸತ್ತ ನರಕೋಶ ತಿರುಗಿ ಬರುವುದಿಲ್ಲ. ಈ ಖಾತೆಯಲ್ಲಿ ಬರೀ ಖರ್ಚು, ಜಮಾ ಇಲ್ಲ.

ಮೆದುಳಿನೊಳಗಿನ ಗಡಿಯಾರ

ರಾತ್ರಿ ಹತ್ತಕ್ಕೆ ಚೆನ್ನಾಗಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದಿದ್ದರೆ? ಆಗ ಡಾಕ್ಟರ್ ಲೆಕ್ಕ ಹಿಡಿಯುವುದು ಆರರಿಂದ ಅಲ್ಲ, ಹತ್ತರಿಂದ. ‘ಕೊನೆಯದಾಗಿ ಚೆನ್ನಾಗಿದ್ದದ್ದನ್ನು ಕಂಡ ಹೊತ್ತು’ ಅವರಿಗೆ ಬೇಕು. ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದು ಮಾತಾಡಿದ್ದನ್ನು ಸೊಸೆ ಕಂಡಿದ್ದರೆ ಆ ಒಂದು ಮಾತು ರೋಗಿಗೆ ನಾಲ್ಕು ತಾಸು ಉಳಿಸಿಕೊಟ್ಟ ಹಾಗೆ. ಹೀಗಾಗಿ ಅದನ್ನು ಕಂಡವರೇ ಆಸ್ಪತ್ರೆಗೆ ಹೋಗುವುದು ಒಳ್ಳೆಯದು.

ಯಾರೂ ನೋಡಿರದಿದ್ದರೆ ಮೆದುಳನ್ನೇ ಕೇಳುವ ದಾರಿ ಇದೆ. ಅದು ಎಂಆರ್‌ಐ. ಇದರಲ್ಲಿ ಎಕ್ಸ್‌ರೇ ಇಲ್ಲ, ದೊಡ್ಡ ಅಯಸ್ಕಾಂತದ ಕೆಲಸ. ಎಂಆರ್‌ಐನ ‘ಡಿಫ್ಯೂಷನ್’ ಎಂಬ ಬಗೆಯ ಚಿತ್ರ ರಕ್ತ ನಿಂತ ಭಾಗವನ್ನು ಬಹಳ ಬೇಗ, ಎಷ್ಟೋ ಸಲ ನಿಮಿಷಗಳಲ್ಲೇ, ಹೊಳೆಯುವಂತೆ ತೋರಿಸುತ್ತದೆ. ‘ಫ್ಲೇರ್’ ಎಂಬ ಇನ್ನೊಂದು ಬಗೆಯಲ್ಲಿ ಅದೇ ಜಾಗ ಕಾಣಲು ಕೆಲವು ತಾಸು ಬೇಕು. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ಪೆಟ್ಟು ಬಿದ್ದು ಬಹಳ ಹೊತ್ತಾಗಿಲ್ಲ ಎಂದು ಅರ್ಥ. ಹೀಗೆ ಆರಿಸಿ ಇಂಜೆಕ್ಷನ್ ಕೊಟ್ಟವರು ಹೆಚ್ಚು ಸುಧಾರಿಸಿದ್ದನ್ನು 2018ರಲ್ಲಿ ಯುರೋಪಿನ ಅಧ್ಯಯನವೊಂದು ತೋರಿಸಿತು. ನಿದ್ದೆಯಲ್ಲಿ ಲಕ್ವಾ ಹೊಡೆದವರಿಗೆ ಅಲ್ಲಿಯವರೆಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು.

ಹಾಗಾದರೆ ಎಲ್ಲರಿಗೂ ಎಂಆರ್‌ಐ ಯಾಕೆ ಮಾಡುವುದಿಲ್ಲ? ಅದಕ್ಕೆ ಹೊತ್ತು ಹೆಚ್ಚು, ಯಂತ್ರ ಕಡಿಮೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದವರು, ಮೈಯಲ್ಲಿ ಕಬ್ಬಿಣದ ಚೂರು ಇದ್ದವರ ಬಗ್ಗೆ ಮೊದಲೇ ತಿಳಿಸಬೇಕು. ಸ್ರಾವ ಇದೆಯೋ ಇಲ್ಲವೋ ಎಂದು ತುರ್ತಾಗಿ ತಿಳಿಯಲು ಸಿಟಿ ಸಾಕು. ‘ದೊಡ್ಡ ಸ್ಕ್ಯಾನ್ ಮಾಡ್ರಿ’ ಎಂದು ಹಟ ಹಿಡಿದು ಹೊತ್ತು ಕಳೆಯುವುದು ಬೇಡ.

ತಂತಿ ಹಾಕಿ ಗಡ್ಡೆ ಎಳೆಯುವುದು

ಗಡ್ಡೆ ದೊಡ್ಡ ನಾಳದಲ್ಲಿದ್ದರೆ ಇಂಜೆಕ್ಷನ್ ಒಂದೇ ಸಾಲದು. ಸಿಟಿ ಮಾಡುವಾಗಲೇ ಕೈಯ ನರಕ್ಕೆ ಬಣ್ಣದ ಔಷಧ ಬಿಟ್ಟು ಕುತ್ತಿಗೆಯಿಂದ ನೆತ್ತಿಯವರೆಗಿನ ನಾಳಗಳ ನಕ್ಷೆ ತೆಗೆಯುತ್ತಾರೆ. ಇದು ಸಿಟಿ ಆ್ಯಂಜಿಯೋಗ್ರಾಮ್. ಗಡ್ಡೆ ಎಲ್ಲಿದೆ ಎಂದು ಗೊತ್ತಾದರೆ ತೊಡೆಸಂದಿ ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ನಳಿಕೆ ತೂರಿಸಿ ಗಡ್ಡೆಯನ್ನೇ ಹೊರಗೆ ಎಳೆಯುತ್ತಾರೆ. 2015ರಲ್ಲಿ ಪ್ರಕಟವಾದ ಐದು ಅಧ್ಯಯನಗಳು ಇದರ ಲಾಭವನ್ನು ಸ್ಪಷ್ಟಪಡಿಸಿದವು.

2018ರಲ್ಲಿ ಇನ್ನೆರಡು ಅಧ್ಯಯನ ಬಂದವು. ಸತ್ತ ಭಾಗ ಎಷ್ಟು, ಹಸಿದಿದ್ದರೂ ಇನ್ನೂ ಜೀವ ಹಿಡಿದ ಭಾಗ ಎಷ್ಟು ಎಂಬುದನ್ನು ವಿಶೇಷ ಚಿತ್ರದಲ್ಲಿ ಅಳೆದು, ಉಳಿಸುವಂಥದ್ದು ಸಾಕಷ್ಟಿದ್ದರೆ 16 ತಾಸು, ಕೆಲವರಲ್ಲಿ 24 ತಾಸಿನವರೆಗೂ ಗಡ್ಡೆ ತೆಗೆಯಬಹುದು ಎಂದು ಅವು ತೋರಿಸಿದವು. ಒಬ್ಬರ ಮೆದುಳು ಎರಡು ತಾಸಿನಲ್ಲೇ ಹಾಳಾದರೆ ಇನ್ನೊಬ್ಬರದು ಅಕ್ಕಪಕ್ಕದ ಸಣ್ಣ ನಾಳಗಳ ರಕ್ತದಿಂದ ಹತ್ತು ತಾಸು ತಡೆದೀತು. ಆದ್ದರಿಂದ ಮೊದಲಿಗೇ ತಡವಾಗಿದ್ದರೂ ‘ಇನ್ನೇನು ಉಪಯೋಗ’ ಎಂದು ಮನೆಯಲ್ಲಿ ಕೂರಬಾರದು. ತಡವಾಯಿತೋ ಇಲ್ಲವೋ ಎಂದು ತೀರ್ಮಾನ ಮಾಡಬೇಕಾದದ್ದು ಚಿತ್ರ, ಮನೆಯವರಲ್ಲ. ಆದರೆ ಈ ಸೌಲಭ್ಯ ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿ ಸಿಗುತ್ತದೆ ಎಂಬುದೂ ಅಷ್ಟೇ ಖರೆ.

ಸ್ರಾವ ಅಂದರೆ ಕೈಬಿಟ್ಟ ಹಾಗಲ್ಲ

ಸ್ಕ್ಯಾನ್‌ನಲ್ಲಿ ರಕ್ತ ಕಂಡರೂ ಮಾಡುವ ಕೆಲಸ ಬಹಳ ಇದೆ. ಮೊದಲ ಕೆಲವು ತಾಸುಗಳಲ್ಲಿ ಸ್ರಾವ ಬೆಳೆಯುತ್ತಾ ಹೋಗಬಹುದು. ಬಿಪಿಯನ್ನು ಹದವಾಗಿ ಇಳಿಸುವುದು, ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅದರ ಪರಿಣಾಮ ತಡೆಯುವುದು, ಮತ್ತೊಮ್ಮೆ ಸ್ಕ್ಯಾನ್ ಮಾಡಿ ಹೋಲಿಸುವುದು, ಅಗತ್ಯ ಬಿದ್ದವರಿಗೆ ಆಪರೇಷನ್ ಇವೆಲ್ಲ ಆಗ ನಡೆಯಬೇಕು. ಎರಡನೇ ಸ್ಕ್ಯಾನ್ ಬರೆದರೆ ‘ಬಿಲ್ ಬೆಳಸಾಕತ್ಯಾರ’ ಎಂದು ಸಂಶಯ ಪಡುವ ಮುನ್ನ ಕಾರಣ ಕೇಳುವುದು ಒಳ್ಳೆಯದು.

ಸ್ರಾವದ ದೊಡ್ಡ ಕಾರಣ ಬಿಪಿ. ‘ಈಗ ಆರಾಮ ಅದೇನಿ’ ಎಂದು ಗುಳಿಗೆ ಬಿಟ್ಟವರೇ ಹೆಚ್ಚಾಗಿ ಈ ಸಾಲಿನಲ್ಲಿ ಸಿಗುತ್ತಾರೆ. ಬಿಪಿ ಗುಳಿಗೆ ಬಿಟ್ಟರೆ ಏನಾಗುತ್ತದೆ ಎಂದು ಮೊದಲು ತೋರಿಸಿಕೊಡುವುದು ಎಷ್ಟೋ ಜನರಿಗೆ ಸಿಟಿ ಸ್ಕ್ಯಾನ್ ಯಂತ್ರವೇ.

ನಾಟಿ ಔಷಧದಿಂದ ಗುಣ ಆದವರಿದ್ದಾರಲ್ಲ?

ಈ ಪ್ರಶ್ನೆ ಪ್ರತಿ ಊರಿನಲ್ಲೂ ಬರುತ್ತದೆ. ಗುಣ ಆದವರು ಇದ್ದಾರೆ, ಅದು ಸುಳ್ಳಲ್ಲ. ಆದರೆ ಯಾರು ಅವರು?

ಕೆಲವರಿಗೆ ಆದದ್ದು ಲಕ್ವಾವೇ ಅಲ್ಲ. ಮುಖದ ನರ ಊದಿಕೊಂಡು ಒಂದು ಕಡೆಯ ಮುಖವೆಲ್ಲ ಸೊಟ್ಟಗಾಗುವ ಬೇರೆ ರೋಗವಿದೆ. ಅದಕ್ಕೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಅದರಲ್ಲಿ ಕೈಕಾಲು ಬೀಳುವುದಿಲ್ಲ. ಏನೂ ಔಷಧ ಕೊಡದಿದ್ದರೂ ಹತ್ತರಲ್ಲಿ ಏಳು ಜನರಿಗೆ ಅದು ಕೆಲವು ವಾರ–ತಿಂಗಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಇನ್ನು ಕೆಲವರಿಗೆ ಆದದ್ದು ಹತ್ತಿಪ್ಪತ್ತು ನಿಮಿಷದ ಸಣ್ಣ ಲಕ್ವಾ. ಗಡ್ಡೆ ತಾನಾಗಿ ಕರಗಿ ಕೈ ಮತ್ತೆ ಏಳುತ್ತದೆ. ನಿಜವಾದ ಲಕ್ವಾದಲ್ಲೂ ಮೊದಲ ಮೂರು ತಿಂಗಳು ಮೆದುಳು ತಾನಾಗಿ ಒಂದಿಷ್ಟು ಸುಧಾರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ ತಿಕ್ಕಿದ್ದರೂ ಹೆಸರು ಎಣ್ಣೆಗೇ.

ದೇವರಿಗೆ ಹರಕೆ ಹೊರುವುದು ಬೇಡ ಎಂದು ಯಾರೂ ಹೇಳುವುದಿಲ್ಲ. ಗುಡ್ಡಾಪುರದ ದಾನಮ್ಮನಿಗೆ, ಅಕ್ಕಲಕೋಟದ ಸ್ವಾಮಿ ಸಮರ್ಥರಿಗೆ ಆಂಬುಲೆನ್ಸಿನಲ್ಲಿ ಕುಳಿತೇ ಕೈ ಮುಗಿಯಬಹುದು. ಹರಕೆಗೆ ಗಡುವಿಲ್ಲ, ಇಂಜೆಕ್ಷನ್ನಿಗೆ ಇದೆ.

ಹತ್ತು ನಿಮಿಷದಲ್ಲಿ ಸರಿಹೋದ ಲಕ್ವಾವನ್ನೂ ಅಲಕ್ಷ್ಯ ಮಾಡಬಾರದು. ಅದು ಮುಂದೆ ಬರಲಿರುವ ದೊಡ್ಡದರ ನೋಟೀಸು. ಮುಂದಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು. ಅದೇ ದಿನ ಮೆದುಳು, ಕುತ್ತಿಗೆಯ ನಾಳ, ಹೃದಯ ಮೂರನ್ನೂ ತಪಾಸಣೆ ಮಾಡಿಸಬೇಕು.

ಗಡಿಯಲ್ಲಿ ಇರುವವರ ಕಷ್ಟ

ಗಡಿಯ ಕನ್ನಡಿಗನಿಗೆ ಇನ್ನೂ ಒಂದಿಷ್ಟು ತೊಡಕುಗಳಿವೆ. ಮೊದಲನೆಯದು ಎತ್ತ ಹೋಗಬೇಕು ಎಂಬುದು. ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿ.ಮೀ. ಜತ್ತದವರಿಗೆ ಒಂದು ಕಡೆ ಮಿರಜ–ಸಾಂಗಲಿ, ಇನ್ನೊಂದು ಕಡೆ ವಿಜಯಪುರ. ಉಮದಿ ಸೀಮೆಯವರಿಗೆ ವಿಜಯಪುರವೇ ಹತ್ತಿರ. ದುಧನಿ ಕಡೆಯವರು ಕಲಬುರಗಿಗೂ ಹೋಗುವುದುಂಟು. ಈ ನಾಲ್ಕೂ ದಿಕ್ಕಿನ ಊರುಗಳಲ್ಲಿ, ಅಂದರೆ ಸೊಲ್ಲಾಪುರ, ಮಿರಜ, ವಿಜಯಪುರ, ಕಲಬುರಗಿಯಲ್ಲಿ, ವೈದ್ಯಕೀಯ ಕಾಲೇಜುಗಳಿವೆ. ಲಕ್ವಾ ಹೊಡೆದಾಗ ‘ನಮ್ಮ ರಾಜ್ಯ, ಅವರ ರಾಜ್ಯ’ ಎಂದು ನೋಡಬಾರದು. ಆ ಹೊತ್ತಿನಲ್ಲಿ ಸಿಟಿ ಯಂತ್ರ ನಡೆಯುತ್ತಿರುವ, ಇಂಜೆಕ್ಷನ್ ಕೊಡಬಲ್ಲ ಡಾಕ್ಟರ್ ಇರುವ ಹತ್ತಿರದ ಊರು ಯಾವುದೋ ಅದೇ ನಮ್ಮ ಊರು. ಹೊರಡುವಾಗಲೇ ಒಬ್ಬರು ಫೋನ್ ಮಾಡಿ ‘ಈಗ ಸಿಟಿ ಸ್ಕ್ಯಾನ್ ಆಗ್ತೈತೇನ್ರಿ?’ ಎಂದು ಕೇಳಿದರೆ ಎರಡೆರಡು ಆಸ್ಪತ್ರೆ ತಿರುಗುವುದು ತಪ್ಪುತ್ತದೆ.

ಎರಡನೆಯದು ಕಾರ್ಡು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಕಾರ್ಡಿನ ಸೌಲಭ್ಯ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಬೇರೆ ರಾಜ್ಯದವರಿಗೂ ನಡೆಯುತ್ತದೆ. ರಾಜ್ಯಗಳ ಸ್ವಂತ ಯೋಜನೆಗಳ ನಿಯಮ ಬೇರೆ ಬೇರೆ. ಯಾವ ಆಸ್ಪತ್ರೆಯಲ್ಲಿ ಯಾವ ಕಾರ್ಡು ನಡೆಯುತ್ತದೆ ಎಂಬುದನ್ನು ಮನೆಯವರು ಆರಾಮಿದ್ದಾಗಲೇ ಕೇಳಿಟ್ಟುಕೊಳ್ಳುವುದು ಜಾಣತನ. ಕೆಟ್ಟ ಹೊತ್ತಿನಲ್ಲಿ ರೇಷನ್ ಕಾರ್ಡು ಹುಡುಕುತ್ತಾ ಕುಳಿತರೆ ಗಡಿಯಾರ ನಿಲ್ಲುವುದಿಲ್ಲ.

ಮೂರನೆಯದು ಭಾಷೆ. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸ್ಟ್ರೋಕ್ ರೋಗಿಯನ್ನು ನೋಡುವಾಗ ಡಾಕ್ಟರ್ ‘ಇದು ಯಾವ ತಿಂಗಳು? ನಿಮ್ಮ ವಯಸ್ಸೆಷ್ಟು?’ ಎಂದು ಕೇಳುತ್ತಾರೆ. ‘ಕಣ್ಣು ಮುಚ್ಚಿ, ಮುಷ್ಟಿ ಹಿಡೀರಿ’ ಎನ್ನುತ್ತಾರೆ. ಇದಕ್ಕೆ ಅಂಕವಿದೆ. ಆ ಅಂಕದ ಮೇಲೆ ರೋಗ ಎಷ್ಟು ಜೋರು ಎಂದು ನಿರ್ಧಾರವಾಗುತ್ತದೆ. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಗೆ ಇದನ್ನು ಮರಾಠಿಯಲ್ಲಿ ಕೇಳಿದರೆ? ಆಕೆ ಮಿಕಿಮಿಕಿ ನೋಡುತ್ತಾಳೆ. ಮಾತು ಹೋಗಿದೆ ಎಂದು ಬರೆದುಕೊಳ್ಳುವ ಸಂಭವ ಇದೆ. ಇದರ ಉಲ್ಟಾ ಕೂಡ ಆಗಬಹುದು. ನಿಜವಾಗಿಯೂ ಮಾತು ತಿಳಿಯದಂತಾಗಿದ್ದರೂ ‘ಮರಾಠಿ ಬರಲ್ಲ ಬಿಡ್ರಿ’ ಎಂದು ಬಿಟ್ಟುಬಿಡಬಹುದು. ಎರಡೂ ಭಾಷೆ ಬಲ್ಲವರಲ್ಲಿ ಲಕ್ವಾದ ನಂತರ ಒಂದು ಭಾಷೆ ಹೆಚ್ಚು ಕೆಟ್ಟು ಇನ್ನೊಂದು ಸ್ವಲ್ಪ ಉಳಿಯುವುದೂ ಉಂಟು. ಆದ್ದರಿಂದ ರೋಗಿಯ ಜೊತೆ ಎರಡೂ ಭಾಷೆ ಬಲ್ಲ ಒಬ್ಬರು ಒಳಗೆ ಇರಬೇಕು. ‘ಹ್ಯಾಂನಾ ಫಕ್ತ ಕನ್ನಡ ಯೇತೆ’, ಅಂದರೆ ಇವರಿಗೆ ಕನ್ನಡ ಒಂದೇ ಬರುತ್ತದೆ ಎಂದು ಮೊದಲೇ ಹೇಳಬೇಕು. ಡಾಕ್ಟರ್ ಕೇಳಿದ್ದನ್ನು ಹಾಗೇ ಕನ್ನಡದಲ್ಲಿ ಕೇಳಬೇಕು, ಉತ್ತರ ತಾವು ಹೇಳಿಕೊಡಬಾರದು.

ಚಿತ್ರಕ್ಕೆ ಗಡಿ ಇಲ್ಲ

ತಾಲ್ಲೂಕಿಗೊಬ್ಬ ನರರೋಗ ತಜ್ಞ ಸಿಗುವ ಕಾಲ ದೂರವಿದೆ. ಆದರೆ ಚಿತ್ರವನ್ನು ದೂರದ ತಜ್ಞರಿಗೆ ಕಳಿಸಲು ಒಂದು ಮೊಬೈಲ್ ಸಾಕು. ಗುಡ್ಡಗಾಡಿನ ಹಿಮಾಚಲ ಪ್ರದೇಶ ಇದನ್ನು ಮಾಡಿ ತೋರಿಸಿದೆ. ಅಲ್ಲಿ ಸಿಟಿ ಯಂತ್ರ ಇದ್ದ ಜಿಲ್ಲಾ ಮಟ್ಟದ ಆಸ್ಪತ್ರೆಗಳ ಸಾಮಾನ್ಯ ವೈದ್ಯರು ಸ್ಕ್ಯಾನ್ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮೆಡಿಕಲ್ ಕಾಲೇಜಿನ ನರರೋಗ ತಜ್ಞರಿಗೆ ಕಳಿಸಿ, ಅವರ ಸಲಹೆಯಂತೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಿಟಿ ಯಂತ್ರವನ್ನೇ ಆಂಬುಲೆನ್ಸಿನಲ್ಲಿ ಕೂರಿಸುವ ಪ್ರಯೋಗ ಜರ್ಮನಿಯಲ್ಲಿ 2008ರಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ ಐಸಿಎಂಆರ್ ಅಸ್ಸಾಂನಲ್ಲಿ ಇಂಥ ಸಂಚಾರಿ ಸ್ಟ್ರೋಕ್ ಘಟಕ ನಡೆಸಿ, 2025ರಲ್ಲಿ ಅದನ್ನು ಅಲ್ಲಿನ ಸರ್ಕಾರಕ್ಕೆ ಒಪ್ಪಿಸಿದೆ.

ಅಂದರೆ ಗಡಿ ತಾಲ್ಲೂಕುಗಳ ಜನ ಕೇಳಬೇಕಾದದ್ದು ಬರೀ ‘ಯಂತ್ರ ಕೊಡ್ರಿ’ ಎಂದಲ್ಲ. ರಾತ್ರಿ ಎರಡಕ್ಕೂ ಅದನ್ನು ನಡೆಸುವ ತಂತ್ರಜ್ಞ, ಚಿತ್ರ ಓದಲು ಫೋನಿನ ಆ ತುದಿಯಲ್ಲಿ ಒಬ್ಬ ತಜ್ಞ, ಫ್ರಿಜ್‌ನಲ್ಲಿ ಇಂಜೆಕ್ಷನ್ ಈ ಮೂರೂ ಒಟ್ಟಿಗೆ ಇರಬೇಕು. ಒಂದು ತಪ್ಪಿದರೂ ಉಳಿದೆರಡು ಶೋಕಿಗೆ ಇಟ್ಟ ಸಾಮಾನು.

ಸ್ಕ್ಯಾನ್ ಭಯ ಬೇಡ

‘ಸ್ಕ್ಯಾನ್ ಮಾಡಿದ್ರ ಮೆದುಳಿಗೆ ಶಾಕ್ ಕೊಡ್ತಾರ’ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಶಾಕ್ ಏನೂ ಇಲ್ಲ, ನೋವೂ ಇಲ್ಲ. ತಲೆಯ ಸಿಟಿಯಲ್ಲಿ ಬೀಳುವ ವಿಕಿರಣ ಸುಮಾರು 2 ಮಿಲಿಸೀವರ್ಟ್. ಮನುಷ್ಯನಿಗೆ ಮಣ್ಣು, ಗಾಳಿ, ಆಕಾಶದಿಂದ ಒಂದು ವರ್ಷಕ್ಕೆ ತಾನಾಗಿ ಬೀಳುವುದೇ ಸರಾಸರಿ 2.4. ಗರ್ಭಿಣಿಯರು ಮುಂಚೆ ತಿಳಿಸಬೇಕು. ಬಣ್ಣದ ಔಷಧ ಕೊಡುವುದಿದ್ದರೆ ಮೂತ್ರಪಿಂಡದ ತೊಂದರೆ, ಅಲರ್ಜಿ ಇದ್ದವರು ಹೇಳಬೇಕು.

ರಿಪೋರ್ಟಿನಲ್ಲಿ ಬರುವ ಶಬ್ದಗಳು

* ಇನ್‌ಫಾರ್ಕ್ಟ್: ರಕ್ತ ಸಿಗದೆ ಸತ್ತ ಭಾಗ. ‘ಅಕ್ಯೂಟ್’ ಎಂದರೆ ಹೊಸದು, ‘ಓಲ್ಡ್’ ಅಥವಾ ‘ಕ್ರಾನಿಕ್’ ಎಂದರೆ ಹಳೆಯದು.
* ಹೆಮರೇಜ್, ಬ್ಲೀಡ್, ಹೆಮಟೋಮಾ: ರಕ್ತಸ್ರಾವ, ಶೇಖರವಾದ ರಕ್ತ.
* ಎಂಸಿಎ: ಮೆದುಳಿನ ಮಧ್ಯದ ಮುಖ್ಯ ರಕ್ತನಾಳ. ಲಕ್ವಾದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು.
* ಎಡಿಮಾ: ಬಾವು, ಊತ.
* ಮಿಡ್‌ಲೈನ್ ಶಿಫ್ಟ್: ಊತ ಅಥವಾ ರಕ್ತದ ಒತ್ತಡಕ್ಕೆ ಮೆದುಳು ಒಂದು ಬದಿಗೆ ಸರಿದದ್ದು. ಗಂಭೀರ.
* ಅಟ್ರೋಫಿ: ಮೆದುಳು ಸೊರಗಿದ್ದು. ವಯಸ್ಸಾದವರಲ್ಲಿ ಸಾಮಾನ್ಯ.

ತುರ್ತಿಗೆ ನೆನಪಿಡಿ

* ಮುಖ ಸೊಟ್ಟ, ಒಂದು ಕೈ ಬೀಳುವುದು, ಮಾತು ತೊದಲುವುದು, ಒಮ್ಮೆಲೇ ಕಣ್ಣು ಕಾಣದಿರುವುದು ಅಥವಾ ಆಯ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ಹೊರಡಿ.
* 108ಕ್ಕೆ ಕರೆ ಮಾಡಿ. ಎರಡೂ ರಾಜ್ಯದಲ್ಲಿ ಅದೇ ನಂಬರ್. ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ನಾಲ್ಕನ್ನೂ ಹೇಳಿ.
* ಕೊನೆಯದಾಗಿ ಚೆನ್ನಾಗಿದ್ದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ.
* ಚಹಾ, ನೀರು, ಗಂಜಿ, ಗುಳಿಗೆ ಏನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.
* ಸಕ್ಕರೆ ರೋಗ ಇದ್ದರೆ ಹೇಳಿ. ಸಕ್ಕರೆ ಬಹಳ ಇಳಿದರೂ ಲಕ್ವಾದಂತೆಯೇ ಕಾಣಬಹುದು.
* ನುಂಗುವ ಗುಳಿಗೆಗಳ ಚೀಟಿ, ಹಳೆಯ ಫಿಲ್ಮು, ಕಾರ್ಡು ಜೊತೆಗಿರಲಿ. ಬೇರೆ ಆಸ್ಪತ್ರೆಗೆ ಕಳಿಸಿದರೆ ಸ್ಕ್ಯಾನ್ ಫಿಲ್ಮು, ಸಿ.ಡಿ. ಕೇಳಿ ಪಡೆಯಿರಿ.

ಅದೇ ನಸುಕಿನ ಐದು ಗಂಟೆ. ಅದೇ ಮನೆ, ಅದೇ ಬಕೆಟ್. ಐದೂಕಾಲಿಗೆ ಗಾಡಿ ಹೊರಟರೆ ಆರೂವರೆಗೆ ಸೊಲ್ಲಾಪುರ. ಏಳರೊಳಗೆ ಚಿತ್ರ. ಏಳೂಕಾಲಿಗೆ ಇಂಜೆಕ್ಷನ್. ಗಡುವಿನಲ್ಲಿ ಇನ್ನೂ ಎರಡು ತಾಸು ಉಳಿದಿರುತ್ತದೆ. ಎಲ್ಲರೂ ಪೂರ್ತಿ ಗುಣವಾಗುತ್ತಾರೆಂದು ಯಾರೂ ಮಾತು ಕೊಡಲಾರರು. ಆದರೆ ‘ಕಧೀ ಝಾಲಂ?’ ಎಂದು ಡಾಕ್ಟರ್ ಕೇಳಿದಾಗ ‘ಈಗ, ಐದಕ್ಕ’ ಎಂದು ಉತ್ತರಿಸುವ ಮನೆಯವರಿಗೆ ಅವರ ಮೌನ ಎದುರಾಗುವುದಿಲ್ಲ. ಅವರು ಸ್ಕ್ಯಾನ್ ಕೋಣೆಯ ಕಡೆಗೆ ಕೈ ತೋರಿಸುತ್ತಾರೆ.